ಹೊಸ ಶ್ರವಣಯಂತ್ರ ಕೊಳ್ಳುವ ಮುನ್ನ ನಿಮ್ಮ ಫೋನನ್ನು ಮೇಜಿನ ಮೇಲಿಡಿ

ಶ್ರವಣಯಂತ್ರ ಮಾರುವವರನ್ನು ಇಂದು 'ಬ್ಲೂಟೂತ್ ಇದೆಯೇ?' ಎಂದು ಕೇಳಿದರೆ ಇಲ್ಲ ಎನ್ನುವವರು ವಿರಳ. ಅವರು ಸುಳ್ಳನ್ನೂ ಹೇಳುತ್ತಿರುವುದಿಲ್ಲ. ಆದರೆ ಆ ಒಂದು ಮಾತನ್ನು ನಂಬಿ ಮನೆಗೆ ತಂದ ಯಂತ್ರವು ಮುಖ್ಯವಾದ ಕರೆಯ ನಡುವೆ ಒಂದು ಕಿವಿಯಲ್ಲಿ ಸದ್ದಡಗಿ, ಇನ್ನೊಂದರಲ್ಲಿ ಮಾತನ್ನು ತುಂಡು ತುಂಡಾಗಿ ಕೇಳಿಸತೊಡಗಿದಾಗ, ಉತ್ತರ ಎಷ್ಟು ಅರೆಬರೆಯಾಗಿತ್ತು ಎಂಬುದು ತಿಳಿಯುತ್ತದೆ. ಕಿವಿ ಚೆನ್ನಾಗಿ ಕೇಳುವವರಿಗೆ ಇಯರ್‌ಫೋನ್ ಕೈಕೊಟ್ಟರೆ ಫೋನನ್ನೇ ಕಿವಿಗೆ ಹಿಡಿದರಾಯಿತು. ಶ್ರವಣದೋಷ ಇರುವ ಬಹಳಷ್ಟು ಮಂದಿಗೆ ಆ ದಾರಿಯಿಲ್ಲ. ನಾಲ್ಕಾರು ಬಾರಿ ಹೀಗಾದರೆ ಅವರು ಕರೆ ಸ್ವೀಕರಿಸುವುದನ್ನೇ ಬಿಡುತ್ತಾರೆ. ಬೇರೆಯವರ ಕೈಗೆ ಫೋನ್ ಕೊಟ್ಟು 'ಏನಂತೆ ಕೇಳು' ಎನ್ನುತ್ತಾರೆ. ಆದ್ದರಿಂದ ಫೋನ್ ಸಂಪರ್ಕವನ್ನು ಯಂತ್ರದ ಜೊತೆಗೆ ಬರುವ ಹೆಚ್ಚುವರಿ ಸೌಲಭ್ಯ ಎಂದು ನೋಡದೆ, ಆಯ್ಕೆಯ ಮೊದಲ ಸಾಲಿನಲ್ಲೇ ಇಟ್ಟು ಅಳೆದು ತೂಗಬೇಕು.

ಕಿವಿಯ ಪರೀಕ್ಷೆ ಹೊಸದಾಗಿರಲಿ

ಹಳೆಯ ವರದಿ ಹಿಡಿದು ಹೊಸ ಯಂತ್ರ ಆರಿಸಬೇಡಿ. ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಬಳಿ ಹೊಸ ಆಡಿಯೋಗ್ರಾಮ್ ಮಾಡಿಸಿ. ಅದು ಸಾಮಾನ್ಯವಾಗಿ 250ರಿಂದ 8000 ಹರ್ಟ್ಸ್‌ವರೆಗಿನ ಸ್ವರಗಳಲ್ಲಿ ನಿಮಗೆ ಎಷ್ಟು ಕೇಳುತ್ತದೆ ಎಂಬುದನ್ನು ತೋರಿಸುತ್ತದೆ. ಅದರೊಂದಿಗೆ ಮಾತಿನ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಸದ್ದು ಕೇಳುವುದು ಬೇರೆ, ಮಾತು ಅರ್ಥವಾಗುವುದು ಬೇರೆ. ಫೋನಿನಲ್ಲಿ ಎದುರಿನವರ ತುಟಿಯೂ ಕಾಣುವುದಿಲ್ಲವಾದ್ದರಿಂದ ಈ ಎರಡನೆಯ ಅಂಕಿ ಹೆಚ್ಚು ಮುಖ್ಯ. ಎರಡೂ ಕಿವಿಗೆ ಏಕಕಾಲಕ್ಕೆ ಕರೆ ಕೇಳಿಸುವ ಜೋಡಿ ಯಂತ್ರಗಳು ಮಾತು ಸರಿಯಾಗಿ ಅರ್ಥವಾಗದವರಿಗೆ ನಿಜಕ್ಕೂ ನೆರವಾಗುತ್ತವೆ.

ಫೋನ್ ಯಾವುದು, ಯಂತ್ರದ 'ಭಾಷೆ' ಯಾವುದು?

ಎಲ್ಲ ಗೊಂದಲದ ಮೂಲ ಇಲ್ಲಿದೆ. ಬ್ಲೂಟೂತ್ ಎಂಬ ಒಂದೇ ಹೆಸರಿನಡಿ ಫೋನು ಮತ್ತು ಶ್ರವಣಯಂತ್ರಗಳು ನಾಲ್ಕು ಬೇರೆ ಬೇರೆ ವಿಧಾನಗಳಲ್ಲಿ ಧ್ವನಿ ಸಾಗಿಸುತ್ತವೆ. ಎರಡೂ ಕಡೆ ಒಂದೇ ವಿಧಾನವಿದ್ದರೆ ಮಾತ್ರ ಕರೆ ಕಿವಿಗೆ ಬರುತ್ತದೆ. ಅಂಗಡಿಗೆ ಹೋಗುವ ಮೊದಲು ನಿಮ್ಮ ಫೋನಿನ ಪೂರ್ಣ ಮಾದರಿ ಹೆಸರು ಮತ್ತು ಅದರ ತಂತ್ರಾಂಶದ ಆವೃತ್ತಿಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ 'ಫೋನ್ ಬಗ್ಗೆ' ಎಂಬಲ್ಲಿ ಎರಡೂ ಸಿಗುತ್ತವೆ.

ಮೊದಲನೆಯದು ಹಳೆಯ, ಸಾಮಾನ್ಯ ಬ್ಲೂಟೂತ್. ಕಾರು, ಲ್ಯಾಪ್‌ಟಾಪ್, ಹೆಡ್‌ಸೆಟ್‌ಗಳು ಬಹುಕಾಲದಿಂದ ಬಳಸುತ್ತಿರುವುದು ಇದನ್ನೇ. ಶ್ರವಣಯಂತ್ರದಲ್ಲಿ ಇದಿದ್ದರೆ ಐಫೋನ್, ಆಂಡ್ರಾಯ್ಡ್ ಎಂಬ ಭೇದವಿಲ್ಲ. ಬ್ಲೂಟೂತ್ ಇರುವ ಕೀಪ್ಯಾಡ್ ಫೋನೂ ಸಾಕು. ಫೋನಾಕ್ ಕಂಪನಿ 2018ರಲ್ಲಿ ತಂದ ಮಾರ್ವೆಲ್ ಸರಣಿ ಈ ಹಾದಿಯಲ್ಲಿ ಎರಡೂ ಕಿವಿಗೆ ಕರೆ ತಲುಪಿಸಿತು. ಇದರ ಕೊರತೆಯೆಂದರೆ ಬ್ಯಾಟರಿ ಹೆಚ್ಚು ಖರ್ಚಾಗುತ್ತದೆ. ಜೊತೆಗೆ, ಲ್ಯಾಪ್‌ಟಾಪ್‌ಗೂ ಜೋಡಿಸಿದ್ದರೆ ಅದರಿಂದ ಬರುವ ಒಂದು 'ಟಿಂಗ್' ಸದ್ದಿಗೂ ಯಂತ್ರ ಹೊರಗಿನ ಧ್ವನಿ ತಗ್ಗಿಸಿ ಅತ್ತ ತಿರುಗುವುದುಂಟು. ಎದುರಿಗೆ ಕುಳಿತವರ ಅರ್ಧ ವಾಕ್ಯ ಅಷ್ಟರಲ್ಲಿ ಹೋಗಿರುತ್ತದೆ.

ಎರಡನೆಯದು ಆಪಲ್ ತನ್ನ ಐಫೋನ್‌ಗಳಿಗಾಗಿ ರೂಪಿಸಿಕೊಂಡ ವಿಧಾನ. 2014ರಲ್ಲಿ ರೀಸೌಂಡ್ ಲಿಂಕ್ಸ್ ಇಂಥ ಯಂತ್ರವಾಗಿ ಮಾರುಕಟ್ಟೆಗೆ ಬಂದಿತು. ಆಮೇಲೆ ಬಹುತೇಕ ದೊಡ್ಡ ಕಂಪನಿಗಳು ಇದನ್ನು ಅಳವಡಿಸಿಕೊಂಡವು. ಬ್ಯಾಟರಿ ಉಳಿತಾಯ ಚೆನ್ನಾಗಿದೆ, ಆದರೆ ಆಪಲ್ ಸಾಧನಗಳ ಆಚೆಗೆ ಇದು ನಡೆಯದು. ಮೂರನೆಯದು ಆಂಡ್ರಾಯ್ಡ್‌ಗಾಗಿ ಗೂಗಲ್ 2018ರಲ್ಲಿ ಪ್ರಕಟಿಸಿದ 'ಆಶಾ'. 2019ರ ಆಂಡ್ರಾಯ್ಡ್ 10ರಲ್ಲಿ ಇದು ಸೇರಿತು. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ: ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸ ಆವೃತ್ತಿ ಇದ್ದ ಮಾತ್ರಕ್ಕೆ ಆಶಾ ಇದೆ ಎಂದು ಅರ್ಥವಲ್ಲ. ಫೋನ್ ತಯಾರಿಸಿದವರೂ ಅದಕ್ಕೆ ಅವಕಾಶ ಕೊಟ್ಟಿರಬೇಕು. ಒಂದೇ ಕಂಪನಿಯ ಎರಡು ಫೋನುಗಳಲ್ಲಿ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು.

ನಾಲ್ಕನೆಯದು ಎಲ್‌ಇ ಆಡಿಯೊ. ಬ್ಲೂಟೂತ್ ಮಾನದಂಡಗಳನ್ನು ರೂಪಿಸುವ ಸಂಸ್ಥೆಯೇ 2020ರ ಜನವರಿಯಲ್ಲಿ ಇದನ್ನು ಘೋಷಿಸಿತು. ಆಂಡ್ರಾಯ್ಡ್ 13ರಿಂದ ಇದಕ್ಕೆ ಬೆಂಬಲವಿದೆ, ಆದರೆ ಫೋನಿನ ಚಿಪ್ ಕೂಡ ಇದಕ್ಕೆ ಹೊಂದುವಂಥದ್ದಾಗಿರಬೇಕು. ಕಡಿಮೆ ಬ್ಯಾಟರಿಯಲ್ಲಿ ಒಳ್ಳೆಯ ಧ್ವನಿ ಕೊಡುತ್ತದೆ. ಆರಾಕಾಸ್ಟ್ ಎಂಬ ಪ್ರಸಾರ ಸೌಲಭ್ಯವೂ ಇದರದ್ದೇ: ಸಭಾಂಗಣ, ವಿಮಾನ ನಿಲ್ದಾಣಗಳ ಪ್ರಕಟಣೆ ನೇರವಾಗಿ ಕಿವಿಗೆ ಬರುವಂತೆ ಮಾಡುವ ವ್ಯವಸ್ಥೆ. ಮುಂದಿನ ವರ್ಷಗಳು ಇದರವೇ ಎಂದು ನನಗೂ ಅನಿಸುತ್ತದೆ. ಆದರೂ, ಮುಂದೆಂದೋ ಬರುವ ಸೌಲಭ್ಯಕ್ಕಾಗಿ ಇಂದಿನ ಕರೆಗಳನ್ನು ಒತ್ತೆಯಿಡಬೇಡಿ. ಎಲ್‌ಇ ಆಡಿಯೊ ಇರುವ ಯಂತ್ರ ಕೊಂಡರೂ ನಿಮ್ಮ ಈಗಿನ ಫೋನಿನೊಂದಿಗೆ ಅದು ಹಳೆಯ ವಿಧಾನಗಳಲ್ಲಿ ಯಾವುದನ್ನು ಬಳಸುತ್ತದೆ ಎಂದು ಕೇಳಿಯೇ ಕೊಳ್ಳಿ.

ಯಂತ್ರ ತಯಾರಕರ ಜಾಲತಾಣಗಳಲ್ಲಿ ಹೊಂದುವ ಫೋನುಗಳ ಪಟ್ಟಿ ಇರುತ್ತದೆ. ನಿಮ್ಮ ಚೀಟಿಯಲ್ಲಿರುವ ಮಾದರಿ ಅಲ್ಲಿದೆಯೇ ನೋಡಿ. ಪಟ್ಟಿಯಲ್ಲಿ ಫೋನಿನ ಹೆಸರಿದ್ದು ಪಕ್ಕದಲ್ಲಿ 'ಆ್ಯಪ್ ಮಾತ್ರ' ಎಂಬ ಅರ್ಥದ ಟಿಪ್ಪಣಿಯಿದ್ದರೆ, ಫೋನಿನಿಂದ ಯಂತ್ರದ ಧ್ವನಿ ಹೆಚ್ಚು ಕಡಿಮೆ ಮಾಡಬಹುದು, ಕರೆ ಮಾತ್ರ ಕಿವಿಗೆ ಬರುವುದಿಲ್ಲ.

ನಿಮ್ಮ ಮಾತು ಯಾವ ಮೈಕ್‌ಗೆ?

ಕರೆ ಕಿವಿಗೆ ಬರುವುದು ಅರ್ಧ ಕೆಲಸ. ನಿಮ್ಮ ದನಿ ಹೊರಗೆ ಹೋಗುವುದು ಉಳಿದರ್ಧ, ಮತ್ತು ಅಂಗಡಿಯಲ್ಲಿ ಯಾರೂ ತಾವಾಗಿ ಹೇಳದ ವಿಷಯ. ಹೀಗೆ ಊಹಿಸಿಕೊಳ್ಳಿ: ಫೋನು ಪಕ್ಕದ ಕೋಣೆಯಲ್ಲಿದೆ. ಅಜ್ಜಿಯ ಎರಡೂ ಕಿವಿಯಲ್ಲಿ ರಿಂಗಣ ಕೇಳುತ್ತದೆ. ಆ ಕೋಣೆಯಲ್ಲಿದ್ದವರು ಫೋನಿನಲ್ಲಿ ಕರೆ ಸ್ವೀಕರಿಸುತ್ತಾರೆ, ಮೊಮ್ಮಗಳ ದನಿ ಸ್ಪಷ್ಟವಾಗಿ ಬರುತ್ತದೆ. ಅಜ್ಜಿ ಸಂತೋಷದಿಂದ ಮಾತಾಡುತ್ತಾರೆ. ಅತ್ತಲಿಂದ ಮೊಮ್ಮಗಳು 'ಹಲೋ, ಹಲೋ, ಕೇಳುತ್ತಿಲ್ಲ' ಎನ್ನುತ್ತಲೇ ಇದ್ದಾಳೆ. ಕಾರಣ, ಆ ಯಂತ್ರದಲ್ಲಿ ಧ್ವನಿ ಒಂದೇ ದಿಕ್ಕಿಗೆ ಹರಿಯುತ್ತದೆ; ಮಾತಾಡಲು ಫೋನಿನ ಮೈಕ್ ಬಾಯಿಯ ಹತ್ತಿರವೇ ಬೇಕು.

ಆಶಾ ವಿಧಾನ ಮೂಲತಃ ಹೀಗೆ ಏಕಮುಖ. ಐಫೋನ್ ವಿಧಾನದಲ್ಲೂ ಬಹುಕಾಲ ಹೀಗೆಯೇ ಇತ್ತು. ಐಫೋನ್ 11 ಮತ್ತು ಅದರ ನಂತರದ ಫೋನುಗಳಲ್ಲಿ, ಹೊಂದುವ ಕೆಲವು ಯಂತ್ರಗಳೊಂದಿಗೆ ಮಾತ್ರ, ಯಂತ್ರದ ಮೈಕ್ ಮೂಲಕವೇ ಮಾತಾಡಬಹುದು. ಸಾಮಾನ್ಯ ಬ್ಲೂಟೂತ್ ಬಳಸುವ ಯಂತ್ರಗಳಲ್ಲಿ ಈ ಹ್ಯಾಂಡ್ಸ್‌ಫ್ರೀ ಅನುಕೂಲ ಮೊದಲಿನಿಂದಲೂ ಇದೆ. 'ಫೋನು ಜೇಬಿನಲ್ಲೇ ಇದ್ದಾಗ ನನ್ನ ಮಾತು ಅವರಿಗೆ ಕೇಳುತ್ತದೆಯೇ?' ಎಂದು ಇದೇ ಪದಗಳಲ್ಲಿ ಕೇಳಿ. ಕೈ ನಡುಗುವವರು, ಊರುಗೋಲು ಹಿಡಿಯುವವರು, ಕೈಯಲ್ಲಿ ಸದಾ ಕೆಲಸವಿರುವವರು ಇದಿಲ್ಲದ ಯಂತ್ರ ಕೊಂಡು ಪೇಚಾಡುತ್ತಾರೆ. ಗದ್ದಲದಲ್ಲಿ ಮಾತ್ರ ಫೋನನ್ನು ಬಾಯಿಯ ಬಳಿ ಹಿಡಿಯುವುದೇ ಮೇಲು. ಕಿವಿಯ ಮೈಕ್ ಸುತ್ತಲಿನ ಸದ್ದನ್ನೂ ಹೊತ್ತೊಯ್ಯುತ್ತದೆ.

ಗಾತ್ರ, ಬ್ಯಾಟರಿ, ಟೆಲಿಕಾಯಿಲ್

ಕಾಣದಷ್ಟು ಚಿಕ್ಕದು ಬೇಕು ಎಂಬ ಆಸೆ ಸಹಜ. ಆದರೆ ಕಿವಿಯ ನಾಳದೊಳಗೆ ಪೂರ್ತಿ ಅಡಗುವ ಯಂತ್ರಗಳಲ್ಲಿ ಆಂಟೆನಾಗೂ ಬ್ಯಾಟರಿಗೂ ಜಾಗ ಸಾಲದು; ಹಲವದರಲ್ಲಿ ಫೋನ್ ಸಂಪರ್ಕವೇ ಇರುವುದಿಲ್ಲ. ಕಿವಿಯ ಹಿಂದೆ ಕೂರುವ ಮಾದರಿಗಳಲ್ಲಿ ಆಯ್ಕೆ ಹೆಚ್ಚು, ಸಂಪರ್ಕವೂ ಗಟ್ಟಿ.

ಚಾರ್ಜ್ ಮಾಡುವ ಯಂತ್ರವಾದರೆ 'ಒಂದು ಚಾರ್ಜಿಗೆ ಎಷ್ಟು ಗಂಟೆ' ಎಂದು ಕೇಳಿ ಸುಮ್ಮನಾಗಬೇಡಿ. ದಿನಕ್ಕೆ ಎಷ್ಟು ಗಂಟೆ ಕರೆ, ಟಿವಿ ಧ್ವನಿ ಸೇರಿಸಿ ಆ ಲೆಕ್ಕ ಹೇಳಿದ್ದಾರೆ ಎಂದು ಕೇಳಿ. ಬಿಡಿ ಬ್ಯಾಟರಿಯದಾದರೆ ಕಂದು ಪಟ್ಟಿಯ 312ಕ್ಕಿಂತ ಕಿತ್ತಳೆ ಪಟ್ಟಿಯ 13 ಸಂಖ್ಯೆಯದು ಹೆಚ್ಚು ದಿನ ಬರುತ್ತದೆ, ಬೆರಳಿಗೂ ಸುಲಭವಾಗಿ ಸಿಗುತ್ತದೆ.

ಟೆಲಿಕಾಯಿಲ್ (ಕಾಂತಕ್ಷೇತ್ರದ ಮೂಲಕ ಧ್ವನಿ ಹಿಡಿಯುವ, ಯಂತ್ರದೊಳಗಿನ ಪುಟ್ಟ ತಂತಿಸುರುಳಿ) ಹಳೆಯದಾಯಿತು ಎಂದು ಯಾರಾದರೂ ತಳ್ಳಿಹಾಕಿದರೆ ಒಪ್ಪಬೇಡಿ. ಅದಕ್ಕೆ ಪೇರಿಂಗ್ ಬೇಡ, ಆ್ಯಪ್ ಬೇಡ. ಶ್ರವಣ ಲೂಪ್ (ಧ್ವನಿಯನ್ನು ಕಾಂತಕ್ಷೇತ್ರವಾಗಿ ಹರಡುವ ತಂತಿ) ಅಳವಡಿಸಿದ ಸಭಾಂಗಣಗಳಲ್ಲಿ, ಹೊಂದುವ ಫೋನುಗಳಲ್ಲಿ ಇಂದಿಗೂ ಕೆಲಸಕ್ಕೆ ಬರುತ್ತದೆ. ಸಿಗುವ ಹಾಗಿದ್ದರೆ ಬಿಡಬೇಡಿ.

ಕರೆ ತಗಡಿನ ಸದ್ದಿನಂತೆ ಕೇಳಿದರೆ

ಸಂಪರ್ಕ ಗಟ್ಟಿಯಾಗಿದ್ದರೂ ಕರೆ ಸಪ್ಪೆ, ಸಂಗೀತ ತೆಳು ಎಂಬ ದೂರು ಸಾಮಾನ್ಯ. ಅನೇಕ ಬಾರಿ ತಪ್ಪು ಡೋಮಿನದು, ಎಂದರೆ ಯಂತ್ರದ ತುದಿಯಲ್ಲಿ ಕಿವಿಯೊಳಗೆ ಕೂರುವ ರಬ್ಬರ್ ಟೋಪಿಯದು. ರಂಧ್ರಗಳಿರುವ ತೆರೆದ ಡೋಮಿನಲ್ಲಿ ಮಂದ್ರ ಸ್ವರಗಳು ಹೊರಗೆ ಸೋರಿಹೋಗುತ್ತವೆ. ಎದುರಾಎದುರು ಮಾತಿಗೆ ಇದು ತೊಡಕಲ್ಲ, ಹೊರಗಿನ ಮಂದ್ರ ಸ್ವರ ಅದೇ ರಂಧ್ರದಿಂದ ಒಳಬರುತ್ತದೆ. ಫೋನಿನಿಂದ ಬರುವ ಧ್ವನಿಗೆ ಆ ಬೆಂಬಲವಿಲ್ಲ. ಮುಚ್ಚಿದ ಡೋಮ್ ಅಥವಾ ನಿಮ್ಮ ಕಿವಿಯ ಅಚ್ಚು ತೆಗೆದು ಮಾಡಿದ ಮೋಲ್ಡ್ ಹಾಕಿದರೆ ಬಹಳ ಸುಧಾರಿಸುತ್ತದೆ. ಸ್ವಂತ ದನಿ ತುಸು ಗುಂಯ್‌ಗುಟ್ಟುವುದು ಅದರ ತೊಂದರೆ, ಎರಡನ್ನೂ ಹಾಕಿ ನೋಡಿ ನಿರ್ಧರಿಸಿ. ಕರೆಯ ವೇಳೆ ಹೊರಗಿನ ಸದ್ದು ಎಷ್ಟು ತಗ್ಗಬೇಕು ಎಂಬುದನ್ನೂ ಆಡಿಯಾಲಜಿಸ್ಟ್ ಹೊಂದಿಸಬಲ್ಲರು. ಅವರು ಕಿವಿಯೊಳಗೆ ಸಣ್ಣ ನಳಿಕೆಯ ಮೈಕ್ ಇಟ್ಟು ಧ್ವನಿಯನ್ನು ಅಳೆದು ಹೊಂದಿಸುವವರಾದರೆ ಅಂಥವರನ್ನೇ ಆರಿಸಿಕೊಳ್ಳಿ.

ಪ್ರಯೋಗದ ದಿನಗಳಲ್ಲಿ ಬಿಡದೆ ಸತಾಯಿಸಿ

ಹಿಂತಿರುಗಿಸುವ ಅವಕಾಶವಿಲ್ಲದೆ ಯಂತ್ರ ಕೊಳ್ಳಬೇಡಿ. ಅವಧಿ ಎಷ್ಟು, ಹಿಂತಿರುಗಿಸಿದರೆ ಎಷ್ಟು ಹಣ ಕಡಿತ, ಎರಡೂ ಬರವಣಿಗೆಯಲ್ಲಿರಲಿ. ನಿಶ್ಶಬ್ದ ಕೋಣೆಯಲ್ಲಿ, ಮೇಜಿನ ಮೇಲಿಟ್ಟ ಫೋನಿನಿಂದ ಕೇಳಿಸುವ ಪರೀಕ್ಷೆಯಲ್ಲಿ ಎಲ್ಲ ಯಂತ್ರಗಳೂ ಪಾಸಾಗುತ್ತವೆ.

ನಿಜವಾದ ಪರೀಕ್ಷೆ ಬಯಲಿನಲ್ಲಿ. ಬ್ಲೂಟೂತ್ ಅಲೆಗಳು 2.4 ಗಿಗಾಹರ್ಟ್ಸ್‌ನವು, ನೀರಿನಂಶ ತುಂಬಿದ ನಮ್ಮ ದೇಹ ಅವುಗಳನ್ನು ಹೀರಿಕೊಳ್ಳುತ್ತದೆ. ಮನೆಯೊಳಗೆ ಗೋಡೆ, ಚಾವಣಿಗಳಿಗೆ ತಾಗಿ ಅಲೆ ಮರಳಿ ಬರುವುದರಿಂದ ಕೊರತೆ ಗೊತ್ತಾಗುವುದಿಲ್ಲ. ಬಯಲಿನಲ್ಲಿ ಆ ಆಸರೆಯಿಲ್ಲ. ಆದ್ದರಿಂದ ಫೋನನ್ನು ಪ್ಯಾಂಟಿನ ಹಿಂದಿನ ಜೇಬಿನಲ್ಲಿಟ್ಟು, ತೆರೆದ ಮೈದಾನದಲ್ಲಿ ನಡೆಯುತ್ತ ಕರೆ ಮಾಡಿ. ಮೊದಲು ಬಲ ಜೇಬು, ಆಮೇಲೆ ಎಡ ಜೇಬು, ಆಮೇಲೆ ಕೈಚೀಲ. ತಲೆಯನ್ನು ಆಚೀಚೆ ತಿರುಗಿಸಿ. ಯಾವ ಕಿವಿಯಲ್ಲಿ, ಯಾವಾಗ ತುಂಡಾಯಿತು ಎಂದು ಬರೆದಿಡಿ. ಮೈಕ್ರೋವೇವ್ ಒಲೆ ಚಾಲೂ ಇರುವಾಗ ಅದರ ಪಕ್ಕ ನಿಂತೂ ನೋಡಿ. ಅದೂ ಇದೇ ತರಂಗದ ನೆರೆಯದು.

ಕಾರಿನ ಬ್ಲೂಟೂತ್ ಜೋಡಣೆಯಿದ್ದರೆ ಕರೆ ಕಿವಿಗೆ ಬರುತ್ತದೋ ಕಾರಿನ ಸ್ಪೀಕರಿಗೆ ಹಾರುತ್ತದೋ ನೋಡಿ. ಸ್ಮಾರ್ಟ್‌ವಾಚ್ ಇದ್ದರೆ ಅದನ್ನೂ ಕಟ್ಟಿಕೊಂಡೇ ಪರೀಕ್ಷಿಸಿ. ನೀವು ದಿನನಿತ್ಯ ಬಳಸುವ ವಿಡಿಯೊ ಕರೆಯ ಆ್ಯಪ್‌ನಲ್ಲೂ ಮಾತಾಡಿ, ಮಾಮೂಲು ಕರೆಯಲ್ಲಿ ಸರಿಯಿದ್ದದ್ದು ಅಲ್ಲಿ ಕೈಕೊಡುವುದುಂಟು. ವಿಡಿಯೊ ನೋಡುವಾಗ ತುಟಿಗೂ ಮಾತಿಗೂ ತಾಳ ತಪ್ಪುತ್ತದೆಯೇ ಗಮನಿಸಿ. ಬೆಳಿಗ್ಗೆ ಚಾರ್ಜರಿನಿಂದ ತೆಗೆದಾಗ ಎರಡೂ ಯಂತ್ರಗಳು ತಾವಾಗಿ ಫೋನಿಗೆ ಸೇರಿಕೊಳ್ಳಬೇಕು. ಪ್ರತಿದಿನ ಸೆಟ್ಟಿಂಗ್ಸ್ ತೆರೆದು ಒತ್ತಬೇಕಾದರೆ ಅದನ್ನು ಭರವಸೆಯ ಸಂಪರ್ಕ ಎನ್ನಲಾಗದು, ಹಿಂತಿರುಗಿಸಲು ಅಷ್ಟೇ ಕಾರಣ ಸಾಕು.

ಹಿಂತಿರುಗಿಸುವ ಮುನ್ನ ಒಂದಿಷ್ಟು ರಿಪೇರಿ

ಐಫೋನ್ ವಿಧಾನದ ಯಂತ್ರಗಳನ್ನು ಮಾಮೂಲು ಬ್ಲೂಟೂತ್ ಪಟ್ಟಿಯಲ್ಲಿ ಹುಡುಕಬೇಡಿ; ಆಕ್ಸೆಸಿಬಿಲಿಟಿ ವಿಭಾಗದ ಹಿಯರಿಂಗ್ ಡಿವೈಸಸ್‌ನಲ್ಲಿ ಜೋಡಿಸಬೇಕು. ಕರೆಗಳು ಸದಾ ಯಂತ್ರಕ್ಕೇ ಬರುವಂತೆ ಮಾಡುವ ಆಯ್ಕೆಯೂ ಅಲ್ಲಿದೆ. ಆಂಡ್ರಾಯ್ಡ್‌ನಲ್ಲೂ ಆಕ್ಸೆಸಿಬಿಲಿಟಿಯಲ್ಲಿ ಇಂಥದೇ ಜಾಗವಿರುತ್ತದೆ. ಕೀಲಿಮಣೆಯ ಟಕ್‌ಟಕ್, ಲಾಕ್ ಸದ್ದುಗಳನ್ನು ನಿಲ್ಲಿಸಿಬಿಡಿ, ಇಲ್ಲವಾದರೆ ಅವೂ ಕಿವಿಗೇ ಬರುತ್ತವೆ. ಸಂಪರ್ಕ ಕೆಟ್ಟಾಗ ಮೊದಲು ಯಂತ್ರಗಳನ್ನು ಚಾರ್ಜರಿನಲ್ಲಿಟ್ಟು ತೆಗೆಯಿರಿ, ಬಿಡಿ ಬ್ಯಾಟರಿಯದಾದರೆ ಬಾಗಿಲು ತೆರೆದು ಮುಚ್ಚಿ. ಆಮೇಲೆ ಫೋನನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಪಟ್ಟಿಯಿಂದ ಯಂತ್ರದ ಹೆಸರು ಅಳಿಸಿ ಹೊಸದಾಗಿ ಜೋಡಿಸಿ. ಎಡ ಬಲ ಎರಡೂ ಸೇರುವವರೆಗೆ ಕಾಯಿರಿ, ಅವಸರ ಮಾಡಿದರೆ ಒಂದೇ ಕಿವಿ ಜೋಡಣೆಯಾಗಿ ಉಳಿಯುತ್ತದೆ.

ಫೋನಿನ ದೊಡ್ಡ ತಂತ್ರಾಂಶ ಪರಿಷ್ಕರಣೆಗಳ ನಂತರ ಚೆನ್ನಾಗಿದ್ದ ಸಂಪರ್ಕ ಹದಗೆಡುವುದುಂಟು. ಭದ್ರತಾ ಪರಿಷ್ಕರಣೆಗಳನ್ನು ತಡಮಾಡಬೇಡಿ. ಹೊಸ ಪ್ರಮುಖ ಆವೃತ್ತಿ ಬಂದಾಗ ಮಾತ್ರ, ಯಂತ್ರ ತಯಾರಕರು ಅದನ್ನು ತಮ್ಮ ಪಟ್ಟಿಗೆ ಸೇರಿಸುವವರೆಗೆ ಕಾಯಿರಿ. ಯಂತ್ರದೊಳಗಿನ ತಂತ್ರಾಂಶವನ್ನು ಯಾರು ಪರಿಷ್ಕರಿಸಿ ಕೊಡುತ್ತಾರೆ, ಅದಕ್ಕೆ ಬೇರೆ ಶುಲ್ಕವೇ ಎಂದು ಕೊಳ್ಳುವಾಗಲೇ ಕೇಳಿಡಿ.

ಶ್ರವಣಯಂತ್ರ ಹಲವು ವರ್ಷ ಬಾಳುವ ವಸ್ತು. ಅಷ್ಟರಲ್ಲಿ ಫೋನು ಒಮ್ಮೆಯಾದರೂ ಬದಲಾಗುತ್ತದೆ. ಹಾಗಾಗಿ ಎರಡು ಯಂತ್ರಗಳು ಕಿವಿಗೆ ಸಮನಾಗಿ ಒಪ್ಪಿದರೆ, ಹೆಚ್ಚು ಬಗೆಯ ಫೋನುಗಳೊಂದಿಗೆ ಹೊಂದುವುದನ್ನು ಆರಿಸಿ. ಒಳ್ಳೆಯ ಯಂತ್ರ ಕಿವಿಗೆ ಒಪ್ಪಿ ಫೋನಷ್ಟೇ ತಕರಾರು ಮಾಡುತ್ತಿದ್ದರೆ, ಬದಲಿಸಬೇಕಾದ್ದು ಫೋನನ್ನು. ಹೊಸ ಫೋನ್ ಕೊಳ್ಳಲು ಹೋಗುವಾಗ ಯಂತ್ರಗಳನ್ನು ಕಿವಿಗೆ ಹಾಕಿಕೊಂಡೇ ಹೋಗಿ, ಅಂಗಡಿಯಲ್ಲೇ ಜೋಡಿಸಿ, ಮನೆಯವರೊಬ್ಬರಿಗೆ ಅಲ್ಲಿಂದಲೇ ಕರೆ ಮಾಡಿ ಮಾತಾಡಿ ನೋಡಿ, ಆಮೇಲೆ ಹಣ ಕೊಡಿ.