ಸಾಲ ಇಳಿಸಿಕೊಡುವ ಕಂಪನಿಗೆ ಫೀಸು ಯಾವಾಗ ಕೊಡಬೇಕು, ಎಷ್ಟು ಕೊಡಬೇಕು?

ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡ್ ಸಾಲ ಕುತ್ತಿಗೆಗೆ ಬಂದವರಿಗೆ ಇಂಥ ಮಾತು ಕೇಳಿಬರುತ್ತದೆ: ‘ನಿಮ್ಮ ಸಾಲ ಅರ್ಧಕ್ಕೆ ಇಳಿಸಿಕೊಡುತ್ತೇವೆ, ಮೊದಲು ಫೀಸು ಕಟ್ಟಿ.’ ಆ ‘ಮೊದಲು’ ಕಿವಿಗೆ ಬಿದ್ದ ಕೂಡಲೇ ಫೋನ್ ಇಟ್ಟುಬಿಡಿ. ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ನ ಟೆಲಿಮಾರ್ಕೆಟಿಂಗ್ ನಿಯಮದ ಪ್ರಕಾರ, ಫೋನ್ ಮೂಲಕ ಗಿರಾಕಿ ಹಿಡಿಯುವ, ಲಾಭಕ್ಕಾಗಿ ನಡೆಯುವ ಇಂಥ ಕಂಪನಿಗಳು 2010ರ ಅಕ್ಟೋಬರ್ 27ರಿಂದ ಮುಂಗಡ ಫೀಸು ತೆಗೆದುಕೊಳ್ಳುವಂತಿಲ್ಲ. ಜಾಹೀರಾತು ನೋಡಿ ನೀವೇ ಫೋನ್ ಮಾಡಿದ್ದರೂ ಅಷ್ಟೇ.

ಮೊದಲು ಕರಾರು ಪತ್ರದಲ್ಲಿ ಫೀಸಿನ ಸಾಲು ಹುಡುಕಿ. ನೋಂದಣಿ, ಆಡಳಿತ, ದಾಖಲೆ ಅಂತ ಹೆಸರು ಏನೇ ಇರಲಿ, ಯಾವಾಗ ಕೊಡಬೇಕು ಅಂತಿದೆ ನೋಡಿ. ಕನಿಷ್ಠ ಒಂದು ಸಾಲದ ರಾಜಿ, ಅಂದರೆ ಕಡಿಮೆ ಮೊತ್ತಕ್ಕೆ ಸಾಲ ಮುಗಿಸುವ ಒಪ್ಪಂದ, ಕುದುರಿರಬೇಕು, ಅದಕ್ಕೆ ನೀವು ಒಪ್ಪಿರಬೇಕು, ಸಾಲ ಕೊಟ್ಟವರಿಗೆ ಒಂದು ಕಂತಾದರೂ ಹೋಗಿರಬೇಕು. ಈ ಮೂರೂ ಆದ ಮೇಲೇ ಆ ಸಾಲದ ಫೀಸು.

ಇನ್ನು ಎಷ್ಟು ಅನ್ನುವುದು. ಇಲ್ಲಿ ಪೆನ್ನು ಹಿಡಿದೇ ಕೂರಿ. ಉಳಿತಾಯದ ಶೇ 20 ಫೀಸು ಅಂತ ಮಾತಾಗಿದೆ ಅಂದುಕೊಳ್ಳಿ. ಕಂಪನಿಯ ಯೋಜನೆಗೆ ಸೇರುವಾಗ ಒಂದು ಕಾರ್ಡಿನ ಬಾಕಿ 5,000 ಡಾಲರ್. ಬಡ್ಡಿ, ದಂಡ ಸೇರಿ ಅದು 6,000 ಆಯಿತು, ಕೊನೆಗೆ 3,000ಕ್ಕೆ ಮುಗಿಯಿತು. 3,000 ಉಳಿಯಿತು ಅಂತ ಕಂಪನಿ 600 ಕೇಳುವಂತಿಲ್ಲ. ಸೇರಿದ ದಿನದ ಬಾಕಿಯಿಂದಲೇ ಲೆಕ್ಕ. ಉಳಿದದ್ದು 2,000, ಫೀಸು 400. ಎಲ್ಲ ಸಾಲಕ್ಕೂ ಇದೇ ಶೇಕಡಾವಾರು ಇರಬೇಕು. ಒಟ್ಟಾರೆ ಇಷ್ಟು ಅಂತ ಫೀಸು ನಿಗದಿಯಾಗಿದ್ದರೆ, ಒಟ್ಟು ಸಾಲದಲ್ಲಿ ಮುಗಿದ ಸಾಲದ ಪಾಲು ಎಷ್ಟೋ, ಫೀಸಿನಲ್ಲೂ ಅಷ್ಟೇ ಪಾಲು ಕೊಡಬೇಕು. ಸೇರಿದ ದಿನದ ಬಿಲ್ಲನ್ನು ದಯವಿಟ್ಟು ಜೋಪಾನ ಮಾಡಿ. ಜಗಳ ಬಂದರೆ ನಿಮ್ಮ ಕೈಲಿರುವ ಗಟ್ಟಿ ಸಾಕ್ಷಿ ಅದು.

ರಾಜಿಗಾಗಿ ತಿಂಗಳು ತಿಂಗಳು ದುಡ್ಡು ಕೂಡಿಡಿ ಅಂದರೆ, ಖಾತೆ ಯಾರ ಕೈಲಿದೆ ಕೇಳಿ. ಅದನ್ನು ನೋಡಿಕೊಳ್ಳುವವರಿಗೂ ಕಂಪನಿಗೂ ನಂಟು ಇರಬಾರದು. ದುಡ್ಡೂ ನಿಮ್ಮದು, ಅದಕ್ಕೆ ಬರುವ ಬಡ್ಡಿಯೂ ನಿಮ್ಮದು. ಬೇಡ ಅನ್ನಿಸಿದ ದಿನ ದಂಡವಿಲ್ಲದೆ ಹೊರಬರಬಹುದು. ಕಂಪನಿಗೆ ನ್ಯಾಯವಾಗಿ ಸಲ್ಲುವ ಫೀಸು ಕಳೆದು ಉಳಿದದ್ದು ಏಳು ಕೆಲಸದ ದಿನಗಳೊಳಗೆ ವಾಪಸ್ ಬರಬೇಕು. ಖಾತೆ ನಿರ್ವಹಣೆಗೆ ಬೇರೆ ಖರ್ಚು ಇರಬಹುದು, ಅದನ್ನೂ ಮೊದಲೇ ಬರೆಸಿಕೊಳ್ಳಿ.

ಸಾಲ ಕಡಿತ ಮಾಡದೆ, ಬಡ್ಡಿ ಇಳಿಸಿ ಕಂತು ಹೊಂದಿಸಿಕೊಡುವ ಲಾಭರಹಿತ ಸಲಹಾ ಸಂಸ್ಥೆಗಳ ಲೆಕ್ಕವೇ ಬೇರೆ. ಅವಕ್ಕೆ ರಾಜ್ಯದ ಕಾನೂನು ನೋಡಬೇಕು. ರಾಜ್ಯಗಳಿಗಾಗಿ 2005ರಲ್ಲಿ ಸಿದ್ಧವಾದ ಮಾದರಿ ಕಾಯ್ದೆಯಲ್ಲಿ ಇಂಥ ಯೋಜನೆ ಶುರು ಮಾಡಲು 50 ಡಾಲರ್ ಮಿತಿ. ಆಮೇಲೆ ಸಂಸ್ಥೆಯ ಫೀಸು ತಿಂಗಳಿಗೆ, ಸಾಲ ಕೊಟ್ಟವರು ಎಷ್ಟು ಮಂದಿಯೋ ತಲಾ 10 ಡಾಲರ್‌ನಂತೆ, ಆದರೆ ತಿಂಗಳಿಗೆ ಒಟ್ಟು 50 ದಾಟುವಂತಿಲ್ಲ. ಎಲ್ಲ ರಾಜ್ಯಗಳೂ ಇದನ್ನು ಒಪ್ಪಿಕೊಂಡಿಲ್ಲ. ಮುಖಾಮುಖಿ ಭೇಟಿಯಾಗಿ ಮಾಡಿಕೊಂಡ ಕರಾರಿಗೂ ರಾಜ್ಯದ ನಿಯಮವೇ ಮುಖ್ಯವಾಗಬಹುದು. ಹಾಗಾಗಿ ಸಹಿಗೆ ಮುಂಚೆ ನಿಮ್ಮ ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಕಚೇರಿಯಲ್ಲಿ ವಿಚಾರಿಸಿ.

ಮುಂಗಡ ಕೊಟ್ಟೇಬಿಟ್ಟಿದ್ದೀರಾ? ನಾಚಿಕೆ ಬೇಡ. ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್, ಫೋನ್ ಬಂದ ದಿನಾಂಕ ಒಟ್ಟು ಮಾಡಿ ಅದೇ ಕಚೇರಿಗೂ ಟ್ರೇಡ್ ಕಮಿಷನ್‌ಗೂ ದೂರು ಕೊಡಿ.