ಕೇದಾರಕಂಠ: ಹತ್ತುವುದು 380 ಮೀಟರ್, ಇಳಿಯುವುದು 1,100

ಮೊದಲ ಸಲ ಹಿಮದ ಶಿಖರ ಹತ್ತಬೇಕು, ಹಗ್ಗ–ಕೊಡಲಿಯ ಸಾಹಸ ಬೇಡ ಅನ್ನುವವರಿಗೆ ಉತ್ತರಾಖಂಡದ ಕೇದಾರಕಂಠ ಸರಿಯಾದ ಆಯ್ಕೆ. ಉತ್ತರಕಾಶಿ ಜಿಲ್ಲೆಯಲ್ಲಿರುವ ಇದರ ಎತ್ತರ ಸುಮಾರು 3,810 ಮೀಟರ್. ಸಂಕ್ರಿ ಎಂಬ ಹಳ್ಳಿಯಿಂದ ಹೊರಟು ಜುಡಾ ಕಾ ತಾಲಾಬ್ ಕೆರೆಯ ದಾರಿಯಲ್ಲಿ ಏರಿ, ಹರ್‌ಗಾಂವ್ ಕ್ಯಾಂಪಿನ ಕಡೆ ಇಳಿದು, ಮತ್ತೆ ಸಂಕ್ರಿಗೇ ಬಂದು ಸೇರುವ 20 ಕಿ.ಮೀ. ಆಸುಪಾಸಿನ ಸುತ್ತು. ನಾಲ್ಕು ದಿನದ ನಡಿಗೆ.

ಇದನ್ನು "ಸುಲಭದ ಟ್ರೆಕ್" ಎಂದು ಮಾರುವವರೇ ಹೆಚ್ಚು. ಗುಡ್ಡಗಾಡಿನಲ್ಲಿ ಬೆಳೆದ ಕಾಲಿಗೆ ಸುಲಭವೇ ಇರಬಹುದು. ಬಸವನ ಬಾಗೇವಾಡಿಯಲ್ಲೋ ಮುಧೋಳದಲ್ಲೋ ಸಪಾಟು ನೆಲದ ಮೇಲೆ ನಡೆದು ರೂಢಿಯಾದ ಕಾಲಿಗೆ ಅಲ್ಲ. ಯಾಕೆಂದು ತಿಳಿಯಲು ಎತ್ತರಗಳ ಲೆಕ್ಕ ನೋಡಿದರೆ ಸಾಕು. ಸಂಕ್ರಿ ಸುಮಾರು 1,950 ಮೀಟರ್. ಮೊದಲ ರಾತ್ರಿಯ ಜುಡಾ ಕಾ ತಾಲಾಬ್ 2,770. ಎರಡನೇ ರಾತ್ರಿಯ ಬೇಸ್ ಕ್ಯಾಂಪ್ 3,430. ಮೂರನೇ ದಿನ ಕತ್ತಲಲ್ಲೇ ಎದ್ದು 3,810ಕ್ಕೆ ಏರಿ, ಅದೇ ದಿನ 2,710ರ ಹರ್‌ಗಾಂವ್‌ಗೆ ಇಳಿಯಬೇಕು. ಅಂದರೆ ಶಿಖರದ ದಿನ ಏರು ಬರೀ 380 ಮೀಟರ್, ಇಳಿಜಾರು 1,100 ಮೀಟರ್. ಎಲ್ಲರೂ ದಮ್ಮಿನ ಚಿಂತೆ ಮಾಡಿ ಓಡಿ ಓಡಿ ತಯಾರಾಗುತ್ತಾರೆ. ಅಲ್ಲಿ ಕೈಕೊಡುವುದು ಮೊಣಕಾಲು.

ಹಾಗಾಗಿ ತಯಾರಿಯನ್ನು ಇಳಿಯುವುದರ ಸುತ್ತ ಕಟ್ಟಿಕೊಳ್ಳಿ. ಎಂಟು ವಾರ ಬೇಕು. ಮೊದಲ ಮೂರು ವಾರ, ವಾರಕ್ಕೆ ನಾಲ್ಕು ದಿನ, 5 ಕಿ.ಮೀ. ಬಿರುಸು ನಡಿಗೆ ಅಥವಾ ನಿಧಾನ ಓಟ. ಶುರುವಿನಲ್ಲಿ 45 ನಿಮಿಷ ಹಿಡಿದರೂ ಆರನೇ ವಾರಕ್ಕೆ 35ಕ್ಕೆ ಇಳಿಸಿ. ನಾಲ್ಕನೇ ವಾರದಿಂದ ಈ ನಡಿಗೆಯ ಜೊತೆಗೇ ಮೆಟ್ಟಿಲು ಸೇರಿಸಿ. ಒಂದು ಮಾಳಿಗೆ ಎಂದರೆ ಹೆಚ್ಚುಕಡಿಮೆ 3 ಮೀಟರ್. ಮೂರು ಮಾಳಿಗೆಯ ಕಟ್ಟಡವನ್ನು ನಲವತ್ತು ಸಲ ಹತ್ತಿ ಇಳಿದರೆ 360 ಮೀಟರ್ ಆಗುತ್ತದೆ. ಮೊದಲ ದಿನ ಹತ್ತು ಸಲಕ್ಕೆ ನಿಲ್ಲಿಸಿ, ವಾರಕ್ಕೆ ಎರಡು ದಿನ ಮಾಡುತ್ತ ಏಳನೇ ವಾರದ ಹೊತ್ತಿಗೆ ನಲವತ್ತಕ್ಕೆ ತನ್ನಿ. ಬೆನ್ನಿಗೆ ಮೊದಲು 4 ಕೆ.ಜಿ., ಆಮೇಲೆ 8 ಕೆ.ಜಿ. ನೀರಿನ ಬಾಟಲಿ ತುಂಬಿದ ಚೀಲ ಇರಲಿ. ಲಿಫ್ಟ್ ಇದ್ದರೂ ಇಳಿಯುವಾಗ ಮುಟ್ಟಬೇಡಿ, ಆ ಇಳಿಯುವುದಕ್ಕಾಗಿಯೇ ಈ ಕಸರತ್ತು. ಇದರ ಜೊತೆ ಒಂದು ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿ ನೆಲ ತಾಗುವವರೆಗೆ ನಾಲ್ಕು ಎಣಿಸುತ್ತ ನಿಧಾನ ಇಳಿಯಿರಿ. ಪ್ರತಿ ಕಾಲಿಗೆ 12ರಂತೆ ಮೂರು ಸುತ್ತು. ತೊಡೆ ನೋಯುವುದು ಒಳ್ಳೆಯದೇ. ಮೊಣಕಾಲ ಚಿಪ್ಪಿನ ಕೆಳಗೆ ಚುಚ್ಚಿದಂತಾದರೆ ನಿಲ್ಲಿಸಿ, ಒಂದು ವಾರ ಮೆಟ್ಟಿಲು ಬಿಟ್ಟು ಬರೀ ನಡೆಯಿರಿ.

ಭಾನುವಾರದ ದೊಡ್ಡ ಅಭ್ಯಾಸಕ್ಕೆ ಬೆಳಗಾವಿಯವರಿಗೆ ಯಳ್ಳೂರಿನ ರಾಜಹಂಸಗಡ ಇದೆ. ಬಾಗಲಕೋಟೆ ಕಡೆಯವರಿಗೆ ಬಾದಾಮಿಯಷ್ಟು ಚಲೋ ಜಾಗ ಬೇರೆ ಇಲ್ಲ: ಮ್ಯೂಸಿಯಂ ಪಕ್ಕದಿಂದ ಮೇಲಿನ ಶಿವಾಲಯಕ್ಕೆ ಹೋಗುವ ಕಲ್ಲು ಮೆಟ್ಟಿಲುಗಳು ಒಂದೇ ಅಳತೆಯವಲ್ಲ, ಕೆಲವು ಮೊಣಕಾಲೆತ್ತರದವು. ಹಿಮದ ಇಳಿಜಾರಿನಲ್ಲೂ ಹೆಜ್ಜೆ ಹೀಗೇ ಏರುಪೇರಾಗಿ ಬೀಳುತ್ತದೆ. ಎತ್ತರ ಕಡಿಮೆ, ಆದ್ದರಿಂದ ನಾಲ್ಕೈದು ಸಲ ಹತ್ತಿಳಿಯಿರಿ. ತಿಂಡಿಯ ಚೀಲ ಮಾತ್ರ ಕೈಯಲ್ಲಿ ಹಿಡಿಯಬೇಡಿ, ಮಂಗಗಳು ಬಿಡುವುದಿಲ್ಲ. ವಿಜಯಪುರದವರಿಗೆ ಗುಡ್ಡದ ಭಾಗ್ಯ ಇಲ್ಲ. ಗೋಳಗುಮ್ಮಟದ ಮಿನಾರಿನ ಮೆಟ್ಟಿಲು ದಿನವೂ ಹತ್ತುವಂಥದ್ದಲ್ಲವಾದ್ದರಿಂದ ಮಾಳಿಗೆಯೇ ಗತಿ.

ಬೂಟು ಹೊಸದಾಗಿದ್ದರೆ ಈ ಅಭ್ಯಾಸದಲ್ಲೇ 50 ಕಿ.ಮೀ. ಸವೆಸಿ. ಕಣಕಾಲು ಮುಚ್ಚುವ, ನೀರು ಒಳಬಿಡದ ಬೂಟು ಬೇಕು. ಅಳತೆ ನೋಡುವಾಗ ದಪ್ಪ ಉಣ್ಣೆ ಕಾಲುಚೀಲ ಹಾಕಿಕೊಂಡೇ ನೋಡಿ. ಕಾಲ್ಬೆರಳು ಮುಂದಕ್ಕೆ ಒತ್ತಿದಾಗ ಹಿಮ್ಮಡಿಯ ಹಿಂದೆ ಕೈಯ ಒಂದು ಬೆರಳು ತೂರಬೇಕು. ಬಿಗಿಯಾದರೆ ರಕ್ತ ಓಡದೆ ಬೆರಳು ಮರಗಟ್ಟುತ್ತವೆ. ಇಳಿಜಾರಿನಲ್ಲಿ ಉಗುರು ಕಪ್ಪಾಗುವುದೂ ಇದರಿಂದಲೇ. ಹೊರಡುವ ಎರಡು ದಿನ ಮೊದಲು ಉಗುರು ಕತ್ತರಿಸಿ.

ಬಟ್ಟೆಯಲ್ಲಿ ಹತ್ತಿ ಬೇಡ. ಒದ್ದೆಯಾದ ಹತ್ತಿ ಒಣಗುವುದಿಲ್ಲ, ಮೈಯ ಬಿಸಿಯನ್ನು ಹೀರಿಬಿಡುತ್ತದೆ. ಒಳಗೆ ಮೈಗಂಟುವ ಥರ್ಮಲ್, ಅದರ ಮೇಲೆ ಉಣ್ಣೆಯಂಥ ಮೆತ್ತನೆ ಫ್ಲೀಸ್, ಆಮೇಲೆ ದಪ್ಪ ಜಾಕೆಟ್, ಹೊರಗೆ ಗಾಳಿ–ನೀರು ತಡೆಯುವ ತೆಳು ಪದರ. ಒಂದೇ ದಪ್ಪ ಸ್ವೆಟರಿಗಿಂತ ತೆಗೆಯಬಹುದಾದ ನಾಲ್ಕು ಪದರ ಮೇಲು. ಕೈಗವಸು ಎರಡು ಜೊತೆ, ಕಾಲುಚೀಲ ನಾಲ್ಕು ಜೊತೆ. ಮಲಗುವುದಕ್ಕೇ ಮೀಸಲಾದ ಒಂದು ಜೊತೆ ಒಣಗಿದ್ದು ಬೇರೆ. ಕಪ್ಪು ಕನ್ನಡಕ ಅಲಂಕಾರವಲ್ಲ: ಹಿಮದಿಂದ ಮರಳಿ ಬರುವ ಬಿಸಿಲು ಕೆಲವೇ ತಾಸಿನಲ್ಲಿ ಕಣ್ಣನ್ನು ಸುಡುತ್ತದೆ. ಸನ್‌ಸ್ಕ್ರೀನ್ ಮೂಗಿನ ಕೆಳಗೂ ಗದ್ದದ ಅಡಿಗೂ ಹಚ್ಚಿ, ಬೆಳಕು ಅಲ್ಲಿ ಕೆಳಗಿನಿಂದಲೂ ಬರುತ್ತದೆ. ಜಾರದಂತೆ ಬೂಟಿಗೆ ಸಿಕ್ಕಿಸುವ ಹಲ್ಲಿನ ಸರಪಳಿ, ಅಂದರೆ ಮೈಕ್ರೋಸ್ಪೈಕ್, ಮತ್ತು ಬೂಟಿನೊಳಗೆ ಹಿಮ ಹೋಗದಂತೆ ಮೊಣಕಾಲ ಕೆಳಗೆ ಕಟ್ಟುವ ಗೇಟರ್ ಸಂಕ್ರಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಅಂಗಡಿಯಲ್ಲೇ ತೊಟ್ಟು ನೋಡಿ, ಸರಪಳಿ ಸಡಿಲವಿದ್ದರೆ ಬದಲಿಸಿಕೊಳ್ಳಿ.

ನೀರಿಗೆ ಪೈಪಿನ ಚೀಲ ಬೇಡ, ಪೈಪಿನಲ್ಲೇ ಹೆಪ್ಪುಗಟ್ಟುತ್ತದೆ. ಒಂದು ಲೀಟರಿನ ಎರಡು ಬಾಟಲಿ ಸಾಕು. ಮಂಜುಗಡ್ಡೆ ಮೇಲಿನಿಂದ ಕಟ್ಟುವುದರಿಂದ ಬಾಟಲಿಯನ್ನು ತಲೆಕೆಳಗಾಗಿ ಇಟ್ಟರೆ ಬಾಯಿ ಮುಚ್ಚಿಕೊಳ್ಳುವುದಿಲ್ಲ.

ತಿನ್ನುವುದರಲ್ಲಿ ಮಾತ್ರ ನಮ್ಮ ಕಡೆಯವರು ಶ್ರೀಮಂತರು. ಅಂಗಡಿಯ ಎನರ್ಜಿ ಬಾರ್ ಬದಲು ಗೋಕಾಕದ ಇಲ್ಲವೇ ಅಮೀನಗಡದ ಕರದಂಟು ಒಯ್ಯಿರಿ. ಬೆಲ್ಲ, ಅಂಟು, ಒಣಕೊಬ್ಬರಿ, ಗೋಡಂಬಿ ಎಲ್ಲ ಅದರಲ್ಲೇ ಇವೆ. ಆದರೆ ಸೊನ್ನೆಗಿಂತ ಕೆಳಗಿನ ಥಂಡಿಯಲ್ಲಿ ಅದು ಕಲ್ಲಾಗುತ್ತದೆ, ಇಡೀ ಬಿಲ್ಲೆ ಕಚ್ಚಲು ಹೋದರೆ ಹಲ್ಲು ಹೋದೀತು. ಮನೆಯಲ್ಲೇ ಅಡಿಕೆ ಗಾತ್ರಕ್ಕೆ ಒಡೆದು, ಶಿಖರದ ದಿನಕ್ಕೆ ಹದಿನೈದು ಚೂರನ್ನು ಒಳ ಜೇಬಿನಲ್ಲಿ ಇಟ್ಟುಕೊಳ್ಳಿ. ಮೈಬಿಸಿಗೆ ಮೆತ್ತಗಿರುತ್ತವೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ರೈಲಿಗೂ ಕ್ಯಾಂಪಿಗೂ ಆಗುತ್ತವೆ. ರೊಟ್ಟಿ ಸ್ಟೀಲ್ ಡಬ್ಬಿಯಲ್ಲಿರಲಿ, ಚೀಲದಲ್ಲಿಟ್ಟರೆ ಹಿಟ್ಟಾಗುತ್ತದೆ.

ಬೆಳಗಾವಿಯಿಂದ ದೆಹಲಿಗೆ ಗೋವಾ ಎಕ್ಸ್‌ಪ್ರೆಸ್ ಇದೆ, ನಿಜಾಮುದ್ದೀನ್ ತಲುಪಲು ಎರಡು ರಾತ್ರಿ. ವಿಜಯಪುರದವರು ಸೊಲ್ಲಾಪುರಕ್ಕೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿಯಬಹುದು. ದೆಹಲಿಯಿಂದ ಡೆಹ್ರಾಡೂನ್, ಅಲ್ಲಿ ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಮಸೂರಿ, ಪುರೋಲ, ಮೋರಿ ಮಾರ್ಗವಾಗಿ ಸಂಕ್ರಿಗೆ ಸುಮಾರು 200 ಕಿ.ಮೀ. ತಿರುವಿನ ದಾರಿ, ಎಂಟರಿಂದ ಹತ್ತು ತಾಸು. ವಾಂತಿಯ ಮಾತ್ರೆ ಹೊರಡುವ ಅರ್ಧ ತಾಸು ಮೊದಲೇ ನುಂಗಿ. ನಗದು ಪುರೋಲದಲ್ಲೇ ತೆಗೆದುಕೊಳ್ಳಿ. ಸಂಕ್ರಿ ದಾಟಿದ ಮೇಲೆ ಫೋನನ್ನು ನಂಬಬೇಡಿ. ಇದು ಅರಣ್ಯ ಇಲಾಖೆಯ ರಕ್ಷಿತ ಪ್ರದೇಶ, ಪರವಾನಗಿಗೆ ಗುರುತಿನ ಚೀಟಿಯ ಪ್ರತಿ ಮತ್ತು ವೈದ್ಯರ ಪ್ರಮಾಣಪತ್ರ ಜೊತೆಗಿರಲಿ. ಸ್ಥಳೀಯ ಗೈಡ್ ಇಲ್ಲದೆ ಹಿಮಕಾಲದಲ್ಲಿ ಹೋಗಬೇಡಿ. ಹೊಸ ಹಿಮ ಬಿದ್ದ ರಾತ್ರಿಯ ಮರುದಿನ ದಾರಿಯೇ ಕಾಣುವುದಿಲ್ಲ. ಡಿಸೆಂಬರ್ ಕೊನೆಯಿಂದ ಮಾರ್ಚ್ ತನಕ ಹಿಮ ಇರುತ್ತದೆ. ಕ್ರಿಸ್‌ಮಸ್–ಹೊಸವರ್ಷದ ವಾರ ಮಾತ್ರ ಬಿಡಿ, ಶಿಖರದ ಕೆಳಗೆ ಸರದಿಯಲ್ಲಿ ನಿಂತು ಥಂಡಿ ತಿನ್ನಬೇಕಾಗುತ್ತದೆ.

ಮೊದಲ ದಿನ ಜುಡಾ ಕಾ ತಾಲಾಬಿನವರೆಗೆ ಪೈನ್ ಕಾಡಿನ ಏರು, 4 ಕಿ.ಮೀ.ಗೆ ನಾಲ್ಕೈದು ತಾಸು. ಎರಡನೇ ದಿನದ ನಡಿಗೆ ಮೂರು ತಾಸಿನಷ್ಟೇ ಇದ್ದರೂ ಅಲ್ಲೇ ಜೋಪಾನ ಬೇಕು. ಎತ್ತರದ ತೆಳು ಗಾಳಿಗೆ ಮೈ ಒಗ್ಗಲು, 3,000 ಮೀಟರಿನ ಮೇಲೆ ಮಲಗುವ ಎತ್ತರ ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚಬಾರದು ಎಂಬುದು ಸಾಮಾನ್ಯ ನಿಯಮ. ಇಲ್ಲಿ ಒಂದೇ ದಿನ 660 ಮೀಟರ್ ಏರುತ್ತೇವೆ. ತಲೆನೋವು ಶುರುವಾಗುವುದು ಈ ಸಂಜೆಯೇ. ಬೆಳಗಾವಿ 750 ಮೀಟರ್ ಎತ್ತರದಲ್ಲಿದೆ ಎಂಬ ಧೈರ್ಯ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕ್ಯಾಂಪ್ ಮುಟ್ಟಿದ ಕೂಡಲೇ ಮಲಗಬೇಡಿ. ಬಿಸಿನೀರು ಕುಡಿದು, ಅರ್ಧ ತಾಸು ಇನ್ನೂ ಮೇಲಕ್ಕೆ ನಡೆದು ಇಳಿದು ಬನ್ನಿ. ದಿನಕ್ಕೆ ಮೂರು ಲೀಟರ್ ನೀರು, ಸೂಪು, ಚಹಾ ಸೇರಿ ಒಳಗೆ ಹೋಗಲಿ. ಮದ್ಯ, ನಿದ್ದೆ ಮಾತ್ರೆ ಬೇಡವೇ ಬೇಡ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬೇಕೋ ಬೇಡವೋ ಎಂಬುದನ್ನು ಊರಲ್ಲೇ ವೈದ್ಯರ ಹತ್ತಿರ ಕೇಳಿ. ಸಲ್ಫಾ ಔಷಧಿ ಮೈಗೆ ಆಗದವರು ಅದನ್ನು ಮೊದಲೇ ಹೇಳಬೇಕು.

ತಲೆನೋವಿನ ಜೊತೆ ವಾಕರಿಕೆ, ಊಟ ಬೇಡವೆನಿಸುವುದು ಇದ್ದರೆ ಮುಂದೆ ಹತ್ತಬೇಡಿ. ಕೂತಲ್ಲೇ ಏದುಸಿರು, ಗೊರಗೊರ ಕೆಮ್ಮು, ಅಥವಾ ನೇರ ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಹತ್ತು ಹೆಜ್ಜೆ ಇಡಲಾಗದೆ ವಾಲುವುದು ಕಂಡರೆ ರಾತ್ರಿಯೇ ಆಗಲಿ ಕೆಳಗೆ ಇಳಿಸಬೇಕು. ಬೆಳಗಾಗಲಿ ಎಂದು ಕಾಯುವುದರಲ್ಲೇ ಜೀವ ಹೋಗುತ್ತದೆ. ಟ್ರೆಕ್ಕಿನ ದುಡ್ಡು ಕೊಟ್ಟಿದ್ದೇನೆಂದು ತಲೆನೋವು ಮುಚ್ಚಿಡುವವರು ಪ್ರತಿ ತಂಡದಲ್ಲೂ ಇರುತ್ತಾರೆ, ಅವರ ಮೇಲೊಂದು ಕಣ್ಣಿರಲಿ.

ಶಿಖರದ ದಿನ ಎರಡು ಗಂಟೆಗೆ ಎದ್ದು ಮೂರರ ಸುಮಾರಿಗೆ ಹೊರಡುವುದು ರೂಢಿ. ಬೂಟನ್ನು, ಹೆಡ್‌ಲ್ಯಾಂಪಿನ ಬ್ಯಾಟರಿಯನ್ನು, ಫೋನನ್ನು ರಾತ್ರಿ ಸ್ಲೀಪಿಂಗ್ ಬ್ಯಾಗಿನ ಒಳಗೇ ಇಟ್ಟುಕೊಳ್ಳಿ. ಹೊರಡುವಾಗ ಸ್ವಲ್ಪ ಚಳಿ ಅನಿಸಬೇಕು. ಬೆಚ್ಚಗೆ ಹೊರಟರೆ ಹದಿನೈದು ನಿಮಿಷದಲ್ಲಿ ಬೆವರುತ್ತೀರಿ, ನಿಂತಾಗ ಆ ಬೆವರೇ ಹೆಪ್ಪುಗಟ್ಟುತ್ತದೆ. ಮೊದಲ ನಿಲುಗಡೆಯಲ್ಲೇ ಒಂದು ಪದರ ತೆಗೆಯಿರಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಆಡಲಾಗದಷ್ಟು ಏದುತ್ತಿದ್ದರೆ ವೇಗ ಜಾಸ್ತಿಯಾಯಿತೆಂದು ಲೆಕ್ಕ. ಪ್ರತಿ 40 ನಿಮಿಷಕ್ಕೆ ಒಂದು ಚೂರು ಕರದಂಟು, ಎರಡು ಗುಟುಕು ನೀರು. ನಿಲುಗಡೆ ಐದು ನಿಮಿಷ ದಾಟಬಾರದು. ಕೊನೆಯ ಏರು ಕಡಿದು. ಮುಂದಿನವರು ಇಟ್ಟ ಹೆಜ್ಜೆಯ ಗುಳಿಯಲ್ಲೇ ಕಾಲಿಡಿ. ಮೇಲೆ ತ್ರಿಶೂಲ ನೆಟ್ಟ ಶಿವನ ಜಾಗ ಇದೆ, ಎದುರಿಗೆ ಹಿಮಶಿಖರಗಳಾದ ಸ್ವರ್ಗಾರೋಹಿಣಿ, ಬಂದರ್‌ಪೂಂಛ್. ಫೋಟೋಕ್ಕೆಂದು ಅಂಚಿಗೆ ಹೋಗಬೇಡಿ, ಹಿಮದ ಚಾಚಿನ ಕೆಳಗೆ ನೆಲ ಇದ್ದೇ ಇರುತ್ತದೆಂಬ ಭರವಸೆ ಇಲ್ಲ.

ಹತ್ತು ಗಂಟೆಯೊಳಗೆ ಶಿಖರ ಮುಟ್ಟದಿದ್ದರೆ ಎಷ್ಟೇ ಹತ್ತಿರ ಇದ್ದರೂ ತಿರುಗಿ. ಬಿಸಿಲೇರಿದಂತೆ ಹಿಮ ಮೆತ್ತಗಾಗಿ ಕಾಲು ತೊಡೆಯವರೆಗೆ ಹೂತುಕೊಳ್ಳುತ್ತದೆ, ಮಧ್ಯಾಹ್ನದ ಮೇಲೆ ಮೋಡ ಕವಿದರೆ ದಾರಿ ಮುಚ್ಚುತ್ತದೆ.

ಇಳಿಯುವ ಮೊದಲು ಬೂಟಿನ ಲೇಸನ್ನು ಕಣಕಾಲಿನ ಹತ್ತಿರ ಬಿಗಿದು ಕಟ್ಟಿ, ಊರಿಕೊಂಡು ನಡೆಯುವ ಟ್ರೆಕಿಂಗ್ ಕೋಲನ್ನು 5–10 ಸೆಂ.ಮೀ. ಉದ್ದ ಮಾಡಿಕೊಳ್ಳಿ. ಗಟ್ಟಿ ಹಿಮದ ಮೇಲೆ ಸ್ಪೈಕಿನ ಎಲ್ಲ ಹಲ್ಲೂ ಊರುವಂತೆ ಅಂಗಾಲು ಸಪಾಟಾಗಿ ಇಡಿ, ಮೆತ್ತನೆ ಹಿಮಕ್ಕೆ ಹಿಮ್ಮಡಿ ಒತ್ತಿ ಇಳಿಯಿರಿ. ಮೊಣಕಾಲು ಸ್ವಲ್ಪ ಮಡಿಚಿಯೇ ಇರಲಿ, ಹೆಜ್ಜೆ ಚಿಕ್ಕದಿರಲಿ. ಹೆದರಿ ಹಿಂದಕ್ಕೆ ವಾಲಿದವರೇ ಮೊದಲು ಜಾರುತ್ತಾರೆ. ಅಲ್ಲಿ ಎಲ್ಲರೂ ಕೂತು ಜಾರುಬಂಡಿ ಆಡುವುದು ಕಂಡು ನೀವೂ ಕೂರಬೇಡಿ. ಗೈಡ್ ತೋರಿಸಿದ ಜಾಗದಲ್ಲಿ ಮಾತ್ರ, ಅದೂ ಸ್ಪೈಕ್ ಬಿಚ್ಚಿದ ಮೇಲೆ. ಜಾರುವಾಗ ಸ್ಪೈಕ್ ಹಿಮಕ್ಕೆ ಕಚ್ಚಿಕೊಂಡರೆ ದೇಹ ಮುಂದೆ ಹೋಗುತ್ತದೆ, ಪಾದ ಅಲ್ಲೇ ಉಳಿಯುತ್ತದೆ, ಕಣಕಾಲು ಮುರಿಯುತ್ತದೆ.

ಹರ್‌ಗಾಂವ್‌ನಿಂದ ಸಂಕ್ರಿಗೆ 6 ಕಿ.ಮೀ. ಕಾಡಿನ ದಾರಿ. ಹಿಮ ಮುಗಿಯಿತೆಂದು ಸ್ಪೈಕನ್ನು ಚೀಲದ ತಳಕ್ಕೆ ತುರುಕಬೇಡಿ, ನೆರಳಿನ ತಿರುವುಗಳಲ್ಲಿ ಗಾಜಿನಂಥ ಮಂಜುಗಡ್ಡೆ ಉಳಿದಿರುತ್ತದೆ. ಮರಳುವ ರೈಲಿನ ಟಿಕೆಟ್ಟನ್ನು ಒಂದು ದಿನ ತಡವಾಗಿಯೇ ತೆಗೆಯಿರಿ. ಹಿಮ ಬಿದ್ದು ಸಂಕ್ರಿಯ ರಸ್ತೆ ಮುಚ್ಚಿದರೆ ಅದು ತೆರೆಯುವವರೆಗೆ ಕಾಯುವುದಲ್ಲದೆ ಬೇರೆ ದಾರಿ ಇಲ್ಲ. ಬೆಳಗಾವಿಯಿಂದ ಬೆಳಗಾವಿಗೆ, ಆ ಹೆಚ್ಚಿನ ದಿನವೂ ಸೇರಿ, ಹದಿಮೂರು ದಿನದ ರಜೆ ಹಾಕಿ.