ಜಾಹೀರಾತಿನ ಕೊಟೇಶನ್ ಓದುವುದನ್ನು ನಾನು ಕಲಿತದ್ದು

ಹೊಲಿಗೆ ಯಂತ್ರಗಳ ದುರಸ್ತಿ ನನ್ನ ಕಸುಬು. ವೆಬ್‌ಸೈಟ್ ಮಾಡಿಸಿದ ಕೆಲವೇ ದಿನಗಳಲ್ಲಿ, ಗೂಗಲ್‌ನಲ್ಲಿ ಮೊದಲ ಸ್ಥಾನಕ್ಕೆ ತರುವುದು ನಮ್ಮ ಗ್ಯಾರಂಟಿ ಎಂಬ ಕರೆಗಳು ಬರತೊಡಗಿದವು. ಆ ಮಾತು ಕಿವಿಗೆ ಹಿತವಾಗಿದ್ದುದರಿಂದ, ಹೆಚ್ಚು ವಿಚಾರಿಸದೆ ಗೂಗಲ್‌ನಲ್ಲಿ ಜಾಹೀರಾತು ಹಾಕಿಸುವ ಒಂದು ಏಜೆನ್ಸಿಯೊಂದಿಗೆ ವರ್ಷದ ಕರಾರಿಗೆ ಸಹಿ ಹಾಕಿದೆ. ಪ್ರತಿ ತಿಂಗಳೂ ಬಣ್ಣಬಣ್ಣದ ವರದಿ ಬರುತ್ತಿತ್ತು, ಅದರಲ್ಲಿ ಕ್ಲಿಕ್‌ಗಳ ಗೆರೆ ಮೇಲಕ್ಕೇ ಏರುತ್ತಿತ್ತು. ಅಂಗಡಿಯ ಫೋನು ಮಾತ್ರ ಮೊದಲು ಎಷ್ಟು ರಿಂಗಣಿಸುತ್ತಿತ್ತೋ ಅಷ್ಟೇ ರಿಂಗಣಿಸುತ್ತಿತ್ತು.

ಏಳನೆಯ ತಿಂಗಳಲ್ಲಿ, ಜನ ನಿಜವಾಗಿ ಏನನ್ನು ಟೈಪ್ ಮಾಡಿದಾಗ ನನ್ನ ಜಾಹೀರಾತು ಕಾಣಿಸುತ್ತಿದೆ ಎಂದು ಪಟ್ಟುಹಿಡಿದು ಕೇಳಿದ ಮೇಲೆ, ಅವರು ಸರ್ಚ್ ಟರ್ಮ್ಸ್ ರಿಪೋರ್ಟ್ ಎಂಬ ಪಟ್ಟಿಯನ್ನು ಕಳುಹಿಸಿದರು. ಒಂದು ರಾತ್ರಿ ಕುಳಿತು ಪೆನ್ಸಿಲ್ ಹಿಡಿದು ಅದನ್ನು ಸಾಲುಸಾಲಾಗಿ ಓದಿದೆ. 'ಹೊಲಿಗೆ ಯಂತ್ರ ರಿಪೇರಿ ಕಲಿಯುವುದು ಹೇಗೆ', 'ಹೊಲಿಗೆ ಕೆಲಸ ಖಾಲಿ', 'ಉಚಿತ ಹೊಲಿಗೆ ಯಂತ್ರ ಅರ್ಜಿ': ಇಂಥ ಹುಡುಕಾಟಗಳೇ ಪುಟ ತುಂಬಿದ್ದವು. ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಿಸಬೇಕೆಂದು ಸೂಚಿಸುವ ಕೀವರ್ಡ್‌ಗಳನ್ನೆಲ್ಲ, ಅವುಗಳಿಗೆ ಸಂಬಂಧಿಸಿದ ಬೇರೆ ಹುಡುಕಾಟಗಳಿಗೂ ಜಾಹೀರಾತು ತೋರಿಸುವ ಬ್ರಾಡ್ ಮ್ಯಾಚ್‌ನಲ್ಲಿ ಬಿಟ್ಟು, ಬೇಡದ ಹುಡುಕಾಟಗಳನ್ನು ತಡೆಯುವ ನೆಗೆಟಿವ್ ಕೀವರ್ಡ್‌ಗಳನ್ನು ಒಂದನ್ನೂ ಸೇರಿಸದೆ ಇದ್ದರೆ ಆಗುವುದು ಇದೇ. ಕೆಲಸ ಹುಡುಕುವವರ ಕ್ಲಿಕ್ಕಿಗೆ ನಾನು ಹಣ ಕಟ್ಟುತ್ತಿದ್ದೆ. ಕರಾರು ಮುಗಿಸಿ ಹೊರಬಂದಾಗ ಇನ್ನೊಂದು ಸಂಗತಿ ತಿಳಿಯಿತು: ಜಾಹೀರಾತು ಖಾತೆ ಇದ್ದದ್ದು ಏಜೆನ್ಸಿಯ ಹೆಸರಿನಲ್ಲಿ, ಹಾಗಾಗಿ ನನ್ನ ದುಡ್ಡಿನಲ್ಲಿ ಕೂಡಿಟ್ಟ ಮಾಹಿತಿಯೆಲ್ಲ ಅವರಲ್ಲಿಯೇ ಉಳಿಯಿತು.

ಎರಡನೆಯ ಬಾರಿ ಮೂರು ಕಡೆಯಿಂದ ಕೊಟೇಶನ್ ತರಿಸಿದೆ, ಆದರೆ ಮೊತ್ತವನ್ನು ಕಡೆಯಲ್ಲಿ ನೋಡುವುದೆಂದು ನಿರ್ಧರಿಸಿದ್ದೆ. ಮೊದಲು ನೋಡಿದ್ದು ಅವರು ಮಾರುತ್ತಿರುವುದು ಏನನ್ನು ಎಂಬುದನ್ನು. ಹುಡುಕಾಟದಲ್ಲಿ ಸಹಜವಾಗಿ ಮೇಲೆ ಬರುವಂತೆ ಸೈಟನ್ನು ತಿದ್ದುವುದು ಬೇರೆ, ಕ್ಲಿಕ್ಕಿಗಿಷ್ಟು ಎಂದು ಹಣ ಕೊಟ್ಟು ಜಾಹೀರಾತು ಹಾಕಿಸುವುದು ಬೇರೆ. ಮೊದಲನೆಯದರಲ್ಲಿ ಅಗ್ರಸ್ಥಾನದ ಖಾತರಿಯನ್ನು ಯಾರೂ ಕೊಡಲಾರರೆಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲಿ ತಾನೇ ಬರೆದಿದೆ. ಎರಡನೆಯದರಲ್ಲಿ ಪ್ರತಿ ಹುಡುಕಾಟಕ್ಕೂ ಆ ಕ್ಷಣದಲ್ಲಿಯೇ ಹರಾಜು ನಡೆದು, ಕೂಗಿದ ಬೆಲೆಯ ಜೊತೆಗೆ ಜಾಹೀರಾತಿನ ಗುಣಮಟ್ಟ ಹಾಗೂ ಕ್ಲಿಕ್ಕಿಸಿದವರು ಬಂದಿಳಿಯುವ ಪುಟ ಹೇಗಿದೆ ಎಂಬುದೂ ಲೆಕ್ಕಕ್ಕೆ ಬರುವುದರಿಂದ, ಅಲ್ಲಿಯೂ ಕಾಯಂ ಸ್ಥಾನವೆಂಬುದಿಲ್ಲ. ಒಬ್ಬರು ಹೆಮ್ಮೆಯಿಂದ ತೋರಿಸಿದ ಮಾದರಿ ವರದಿಯಲ್ಲಿ ಅತಿ ಹೆಚ್ಚು ಫಲ ಕೊಟ್ಟ ಕೀವರ್ಡ್ ಆ ಗ್ರಾಹಕರ ಅಂಗಡಿಯ ಹೆಸರೇ ಆಗಿತ್ತು! ಹೆಸರು ಹಿಡಿದು ಹುಡುಕುವವರು ಜಾಹೀರಾತು ಇಲ್ಲದಿದ್ದರೂ ಬಹುಪಾಲು ಬಂದೇ ಬರುತ್ತಿದ್ದರು.

ಶುಲ್ಕದ ವಿಷಯದಲ್ಲಿ, ಗೂಗಲ್‌ಗೆ ಹೋಗುವ ಹಣ ಮತ್ತು ಏಜೆನ್ಸಿಯ ಸಂಬಳ ಎರಡನ್ನೂ ಬೇರೆಬೇರೆ ಸಾಲಿನಲ್ಲಿ ಬರೆದುಕೊಡಲು ಕೇಳಿದೆ. ಒಬ್ಬರು ಎರಡನ್ನೂ ಒಟ್ಟುಮಾಡಿ ಪ್ಯಾಕೇಜ್ ಎಂದಷ್ಟೇ ಹೇಳಿದರು, ಅವರನ್ನು ಅಲ್ಲಿಗೇ ಕೈಬಿಟ್ಟೆ. ಏಜೆನ್ಸಿಗಳು ಗ್ರಾಹಕರಿಗೆ ಕನಿಷ್ಠ ಪಕ್ಷ ವೆಚ್ಚ, ಕ್ಲಿಕ್ ಮತ್ತು ಜಾಹೀರಾತು ಕಾಣಿಸಿದ ಸಂಖ್ಯೆಗಳನ್ನಾದರೂ ತಿಳಿಸಬೇಕೆಂಬುದು ಗೂಗಲ್‌ನದೇ ನಿಯಮವಾಗಿರುವಾಗ, ಅದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಇನ್ನೊಬ್ಬರದು ಖರ್ಚಿನ ಶೇಕಡಾವಾರು ಶುಲ್ಕ. ಅದು ತಪ್ಪೇನಲ್ಲ, ಆದರೆ ನನ್ನ ಖರ್ಚು ಏರಿದಷ್ಟೂ ಅವರ ಗಳಿಕೆ ಏರುವ ಏರ್ಪಾಡಿನಲ್ಲಿ ಖರ್ಚು ತಗ್ಗಿಸುವ ಸಲಹೆ ಬರುವುದು ಅಪರೂಪ.

ನನ್ನ ಲೆಕ್ಕ ಸರಳವಾಗಿತ್ತು. ನೂರು ಕ್ಲಿಕ್‌ಗಳಿಗೆ ಐದು ಕರೆಗಳು ಬಂದು, ಅವುಗಳಲ್ಲಿ ಎರಡು ಕೆಲಸವಾಗಿ ಕುದುರಿದರೆ, ಒಂದು ಕೆಲಸಕ್ಕೆ 50 ಕ್ಲಿಕ್‌ಗಳ ಬೆಲೆ ಬಿತ್ತು. ಒಂದು ದುರಸ್ತಿಯಲ್ಲಿ ಬಿಡಿಭಾಗದ ಖರ್ಚು ಕಳೆದು ಉಳಿಯುವ ಹಣ ಇದಕ್ಕಿಂತ, ಏಜೆನ್ಸಿಯ ಶುಲ್ಕವನ್ನೂ ಸೇರಿಸಿ, ಹೆಚ್ಚಿರಬೇಕು. ಮೂವರಲ್ಲಿ ಒಬ್ಬರು ಮಾತ್ರ, ನಿಮಗೆ ಬರುವ ಕರೆಗಳಲ್ಲಿ ಎಷ್ಟು ಕೆಲಸವಾಗುತ್ತವೆ ಎಂದು ನನ್ನನ್ನೇ ಕೇಳಿದರು. ಕೆಲಸ ಅವರಿಗೇ ಕೊಟ್ಟೆ. ಖಾತೆ ನನ್ನ ಇಮೇಲ್‌ನಲ್ಲಿ ತೆರೆದು ಅವರಿಗೆ ನಿರ್ವಹಣೆಯ ಅನುಮತಿ ಮಾತ್ರ ಕೊಡುವುದು, ಒಂದು ತಿಂಗಳ ಮುನ್ಸೂಚನೆಯ ಮೇಲೆ ಕರಾರು ಮುಗಿಸುವುದು, ಬರುವ ಕರೆಗಳನ್ನು ಎಣಿಸುವ ವ್ಯವಸ್ಥೆ ಮೊದಲ ದಿನದಿಂದಲೇ ಇರುವುದು, ಈ ಮೂರನ್ನೂ ಬರವಣಿಗೆಯಲ್ಲಿ ಪಡೆದೆ. ಜಾಹೀರಾತು ನಮ್ಮ ಪ್ರದೇಶದಲ್ಲಿ ಇರುವವರಿಗಷ್ಟೇ ಕಾಣಿಸುವಂತೆ ಸೆಟ್ಟಿಂಗ್ ಬದಲಿಸಿದ್ದು ಅವರೇ. ಅದನ್ನು ಮುಟ್ಟದೆ ಬಿಟ್ಟರೆ ಆ ಪ್ರದೇಶದಲ್ಲಿ ಆಸಕ್ತಿ ತೋರಿಸಿದ ಬೇರೆ ಊರಿನವರಿಗೂ ಕಾಣಿಸುತ್ತದೆಂಬುದು ನನಗೆ ಗೊತ್ತೇ ಇರಲಿಲ್ಲ.

ಮೊದಲ ತಿಂಗಳ ವರದಿಯ ಜೊತೆ ಅವರು ತಡೆಹಿಡಿದ ಪದಗಳ ಪಟ್ಟಿಯೂ ಬಂತು. ಅದರಲ್ಲಿ 'ಹಳೆಯ' ಎಂಬ ಪದವಿತ್ತು. ಸೆಕೆಂಡ್‌ಹ್ಯಾಂಡ್ ಯಂತ್ರ ಕೊಳ್ಳಲು ಬರುವವರನ್ನು ದೂರವಿಡಲು ಹಾಕಿದ್ದೇನೋ ಸರಿಯೇ, ಆದರೆ ಅಜ್ಜಿಯ ಕಾಲದ ಯಂತ್ರ ಕೆಟ್ಟಿತೆಂದು ಹೊತ್ತು ತರುವವರಿಂದಲೇ ನನ್ನ ಅರ್ಧ ವ್ಯಾಪಾರ ನಡೆಯುವುದು. ಅಂದೇ ಫೋನ್ ಮಾಡಿ ಆ ಪದವನ್ನು ಪಟ್ಟಿಯಿಂದ ತೆಗೆಸಿದೆ.